ಅಣ್ಣನ ಪುಸ್ತಕ, ಆಯಿಯ ಮೀಸಲು ನೀರು

ನನ್ನ ಅಣ್ಣ ಬಸಪ್ಪನಿಗೆ ನಾನು ಒಂದು ಮಾತು ಹೇಳಬೇಕಿತ್ತು. ಅವನ ಪುಸ್ತಕ ಸುಳ್ಳು ಹೇಳಿರಲಿಲ್ಲ ಎಂಬ ಮಾತು. ಅವನು ಹಾಸಿಗೆ ಹಿಡಿದಾಗ ಹೇಳಲಿಲ್ಲ, ಎದ್ದು ಕೂತ ಮೇಲೆ ಹೇಳಲಿಲ್ಲ, ಸಾಲೆ ಬಿಟ್ಟ ದಿನವೂ ಹೇಳಲಿಲ್ಲ. ಮನೆಯಲ್ಲಿ ಉಳಿದವರೆಲ್ಲ ತಿಳಿಯದೆ ತಪ್ಪು ತಿಳಿದುಕೊಂಡಿದ್ದರು. ತಿಳಿದೂ ಸುಮ್ಮನಿದ್ದವಳು ನಾನೊಬ್ಬಳೇ. ನಾನು ಮೂರನೆಯ ಇಯತ್ತೆಯವರೆಗೆ ಓದಿದವಳು, ಬರೆಯುವ ರೂಢಿ ಇಲ್ಲ. ಆದರೆ ನಮ್ಮ ಮನೆಯ ನೀರಿನ ಸಂಗತಿಯನ್ನು ನನ್ನ ಬದಲು ಬೇರೆಯವರು ಬರೆದರೆ ಅದು ಖರೆ ಆಗುವುದಿಲ್ಲ.

ಖಾನಾಪುರದ ನಮ್ಮ ಮನೆ ಒಂದೇ ಗೆರೆಯಲ್ಲಿ ಕಟ್ಟಿದ್ದು. ಪಡಸಾಲೆ, ನಡುಮನೆ, ಅಡಿಗೆಮನೆ, ಬಚ್ಚಲು. ಮುಂದಿನ ಬಾಗಿಲಲ್ಲಿ ನಿಂತರೆ ಹಿತ್ತಲ ಬಾಗಿಲು ಕಾಣುತ್ತಿತ್ತು, ಅದರಾಚೆ ಮಲಪ್ರಭೆಗೆ ಇಳಿಯುವ ಕಾಲುದಾರಿಯೂ ಕಾಣುತ್ತಿತ್ತು. ಬೆಳಕು ಎರಡೂ ತುದಿಯಿಂದ ಒಳಗೆ ಬರುತ್ತಿತ್ತು, ನಡುಮನೆಯವರೆಗೆ ಮಾತ್ರ ಎಂದೂ ಬಂದು ಮುಟ್ಟಲಿಲ್ಲ. ಆ ಕತ್ತಲಲ್ಲಿಯೇ ನಮ್ಮ ನೀರು ಇರುತ್ತಿತ್ತು. ಬಳಸುವ ನೀರಿನ ಕೊಡಗಳು ನೆಲದ ಮೇಲೆ ಸಾಲಾಗಿ ಇದ್ದವು. ಸ್ವಲ್ಪ ಎತ್ತರದ ಕಟ್ಟೆಯ ಮೇಲೆ, ಹಿತ್ತಾಳೆ ತಟ್ಟೆ ಮುಚ್ಚಿ, ಮೇಲೆ ವಿಭೂತಿ ಎಳೆದ ಒಂದೇ ಒಂದು ತಾಮ್ರದ ಕೊಡ. ಅದು ಮೀಸಲು ನೀರು. ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಹೊಳೆಯಲ್ಲಿ ಇನ್ನಾರೂ ಕಾಲಿಡುವ ಮೊದಲೇ ಆಯಿ ಮಿಂದು, ಒದ್ದೆ ಸೀರೆಯಲ್ಲಿಯೇ ಆ ನೀರು ತರುತ್ತಿದ್ದಳು. ಬಿಳಿ ಅರಿವೆಯನ್ನು ಮಡಿಚಿ ಕೊಡದ ಬಾಯಿಗೆ ಕಟ್ಟಿ ಸೋಸುತ್ತಿದ್ದಳು. ಅರಿವೆಯಲ್ಲಿ ಸಿಕ್ಕ ಸಣ್ಣ ಹುಳಗಳನ್ನು ಕೊಲ್ಲದೆ ತಿರುಗಿ ಹೊಳೆಗೆ ಬಿಟ್ಟು ಬರುತ್ತಿದ್ದಳು, ಅವಕ್ಕೂ ಜೀವ ಇದೆ ಎಂದು. ಆ ನೀರು ಲಿಂಗಪೂಜೆಗೆ ಮತ್ತು ಎಡೆಯ ಅಡಿಗೆಗೆ. ಆಯಿಯ ಕೀಲುನೋವು ಜೋರಾದ ದಿನ, ಮಿಂದು ಬಂದ ನಾನು ಅದನ್ನು ಮುಟ್ಟಬಹುದಿತ್ತು. ಬೇರೆ ಯಾರೂ ಮುಟ್ಟುವ ಹಾಗಿರಲಿಲ್ಲ, ಅವ್ವನೂ ಕೂಡ.

ಅಪ್ಪ ಕಟ್ಟಿಗೆಯ ಡಿಪೋದಲ್ಲಿ ಕಾರಕೂನ. ಅಣ್ಣ ಮುಂಜಾನೆಯ ರೈಲಿಗೆ ಬೆಳಗಾವಿಯ ಹೈಸ್ಕೂಲಿಗೆ ಹೋಗಿ ಸಂಜೆಯ ರೈಲಿಗೆ ಮರಳುತ್ತಿದ್ದ. ಇಂಗ್ಲಿಷ್ ಕಲಿಯುವ ಹುಡುಗರಿಗಾಗಿಯೇ ಮಾಡಿದ ಒಂದು ಪುಸ್ತಕ ಅವನ ಹತ್ತಿರ ಇತ್ತು. ಅದರಲ್ಲಿ ರಾಜರಾಣಿಯರ ಕಥೆ ಇರಲಿಲ್ಲ. ಪಾಠಗಳೆಲ್ಲ ಹೊಸ ಶೋಧಗಳ ಮೇಲೆ: ಉಗಿಯಿಂದ ಗಾಡಿ ಹೇಗೆ ಓಡುತ್ತದೆ, ಎಣ್ಣೆ ಇಲ್ಲದ ದೀಪ ಹೇಗೆ ಉರಿಯುತ್ತದೆ, ತಂತಿ ಇಲ್ಲದೆ ಮಾತು ಸಮುದ್ರ ಹೇಗೆ ದಾಟುತ್ತದೆ. ಸಂಜೆ ಪಡಸಾಲೆಯಲ್ಲಿ ಕಂದೀಲು ಹಚ್ಚಿ ಅವನು ಒಂದು ಸಾಲು ಇಂಗ್ಲಿಷಿನಲ್ಲಿ ಓದುವನು, ಹಿಂದೆಯೇ ನಮ್ಮ ಮಾತಿನಲ್ಲಿ ಹೇಳುವನು. ನಾನು ಕಾಯಿಪಲ್ಲೆ ಸೋಸುತ್ತ ಕೇಳುವೆನು. ಪುಸ್ತಕದ ಮಾತಿಗೆಲ್ಲ ಅವನು ಮನೆಯ ಸಾಮಾನೇ ಹೊಂದಿಸುತ್ತಿದ್ದ. ಉಗಿಯ ಬಲವನ್ನು ಅನ್ನದ ಗಡಿಗೆಯ ಮುಚ್ಚಳದಿಂದ ತೋರಿಸಿದ. ತಂತಿ ಇಲ್ಲದ ಸುದ್ದಿಗೆ ಹಿತ್ತಲ ಕಲ್ಲುಬಾನಿಯಲ್ಲಿ ಒಂದು ಬೆರಳು ಅದ್ದಿ, ಆಚೆ ದಂಡೆಯ ಎಲೆ ಅಲುಗಿದ್ದನ್ನು ತೋರಿಸಿದ. ಮೈಯೊಳಗಿನ ಎಲುಬಿನ ಚಿತ್ರ ತೆಗೆಯುವ ಕಿರಣದ ಪಾಠದಲ್ಲಿ ಒಂದು ಕೈಯ ಚಿತ್ರ ಇತ್ತು. ಬರೀ ಎಲುಬು, ಒಂದು ಬೆರಳಲ್ಲಿ ಉಂಗುರ. ಆಯಿ ಅದನ್ನು ನೋಡಿ ಮುಖ ತಿರುಗಿಸಿದಳು.

“ಮುಚ್ಚೋ ಬಸ್ಯಾ. ಜೀವಂತ ಇರೂವಾಗನ ಹೆಣದ ಚಿತ್ರ ತಗೀತಾರಂದ್ರ ಅವರೆಂಥಾ ಮಂದಿ?”

“ಆಯಿ, ಇದರಿಂದ ಮುರದ ಎಲುಬು ಕೂಡಸ್ತಾರ.”

“ಕೂಡಸ್ಲಿ. ನಮ್ಮ ಮನ್ಯಾಗ ಯಾರದೂ ಮುರದಿಲ್ಲ. ನೀ ಕರದು ತರಬ್ಯಾಡ.”

ನಾನು ನಕ್ಕೆ. ಆದರೆ ಆ ಎಲುಬಿನ ಕೈ ಮಾತ್ರ ಆಮೇಲೂ ನನ್ನ ಕಣ್ಣಿಂದ ಹೋಗಲಿಲ್ಲ. ಅಣ್ಣ ಕತ್ತಲ ನಡುಮನೆಯನ್ನು ದಾಟಿ ಬರುವಾಗ, ಅವನ ಕೈ ಬಾಗಿಲ ಚೌಕಟ್ಟು ಹಿಡಿದಾಗ, ನನಗೆ ಅದೇ ನೆನಪಾಗುತ್ತಿತ್ತು.

ನೀರಿನ ಹನಿಯ ಪಾಠ ಬಂದದ್ದು ಅದರ ಮುಂದೆ. ಚಿತ್ರದಲ್ಲಿ ಒಂದು ದುಂಡು ಗೆರೆ. ಅದರೊಳಗೆ ಕಡ್ಡಿಯಂತೆ, ಚುಕ್ಕೆಯಂತೆ, ಬಾಗಿದ ಉಗುರಿನಂತೆ ಏನೇನೋ. ದೊಡ್ಡದು ಮಾಡಿ ತೋರಿಸುವ ಗಾಜಿನ ಕೆಳಗೆ ಕೆಟ್ಟ ನೀರಿನ ಒಂದೇ ಹನಿ ಹಾಗೆ ಕಾಣುತ್ತದೆಯಂತೆ. ಜರ್ಮ್ ಎಂಬ ಇವು ಹೊಟ್ಟೆಗೆ ಹೋದರೆ ಜ್ವರ, ವಾಂತಿಭೇದಿ. ನೀರನ್ನು ಕೊತಕೊತ ಕುದಿಸಿದರೆ ಸಾಯುತ್ತವೆ. ಕುದಿಸಿದ ನೀರಿಗೆ ಕುದಿಸದ ನೀರು ತಾಗಿತೋ, ಮಾಡಿದ್ದೆಲ್ಲ ವ್ಯರ್ಥ. ಈ ಕೊನೆಯ ಮಾತು ನನ್ನ ತಲೆಗೆ ಹೋಗಲಿ ಎಂದು ಅಣ್ಣ ಹೆಪ್ಪಿನ ಗಡಿಗೆ ತಂದು ಮುಂದಿಟ್ಟ.

“ಇಷ್ಟ ಇಷ್ಟು ಮಜ್ಜಿಗಿ ಹಾಕಿದ್ರ ಗಡಿಗಿ ಹಾಲೆಲ್ಲಾ ಏನಾಗತೈತಿ ಹೇಳು.”

“ಮೊಸರ ಆಗತೈತಿ.”

“ಹಾಂ. ಜರ್ಮ್ ಅಂದ್ರ ಅದ. ಒಂದೀಟು ಸಾಕು. ತಿಳೀತಿಲ್ಲೋ?”

ತಿಳಿದಿತ್ತು. ಆ ಮನೆಯಲ್ಲಿ ಹಾಲಿಗೆ ಹೆಪ್ಪು ಹಾಕುವವಳು ನಾನೇ. ನನಗೆ ತಿಳಿಯಲಿಲ್ಲ ಎನ್ನುವ ನೆಪವೂ ಇಲ್ಲ.

ಅಣ್ಣ ಪಾಠ ಓದಿ ಮುಗಿಸಿದವನೇ ಮನೆಯಲ್ಲಿ ಜಗಳ ತೆಗೆದ. ಎಲ್ಲರೂ ಊಟಕ್ಕೆ ಕೂತಿದ್ದರು. ಅವ್ವ ರೊಟ್ಟಿ ಹಾಕುತ್ತಿದ್ದಳು, ತಮ್ಮ ಮಲ್ಲು ಅವಳ ಬೆನ್ನಿಗೆ ಜೋತುಬಿದ್ದಿದ್ದ. ಇನ್ನು ಮೇಲೆ ಕುಡಿಯುವ ನೀರನ್ನೆಲ್ಲ ಕುದಿಸಬೇಕು ಎಂದು ಅಣ್ಣ ಅಂದ.

“ಸೋಸಿದ ನೀರಿಗೆ ಏನ ಧಾಡಿ ಆಗೇತಿ?” ಎಂದಳು ಆಯಿ.

“ನಿನ್ನ ಅರಿವ್ಯಾಗ ಕಣ್ಣಿಗೆ ಕಾಣೂವಷ್ಟ ಸಿಗತಾವ ಆಯಿ. ಕಾಣದ ಇರೂವು ಪಾರಾಗಿ ಬರತಾವ.”

“ಕಾಣದ್ದು ನಿನಗ ಹೆಂಗ ಕಾಣ್ತೋ?”

“ಗಾಜ ಇಟ್ಟು ನೋಡ್ಯಾರ. ಪುಸ್ತಕದಾಗ ಐತಿ.”

“ಬೆಳಗಾವಿಗೆ ಹೋಗಿ ಬಂದದ್ದಕ್ಕ ಇಷ್ಟಾತು. ಮುಂಬೈಗೆ ಹೋಗಿದ್ರ ನಮ್ಮನ್ನೂ ಹಂಡ್ಯಾಗ ಹಾಕಿ ಕುದಿಸಿ ಬಿಡ್ತಿದ್ದಿ!”

ಅವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. ಅಣ್ಣ ನಗಲಿಲ್ಲ. ಗಂಗಾಳದಿಂದ ಕೈ ತೆಗೆದು ಎದ್ದೇಬಿಟ್ಟ. ದೇವರ ನೀರು ಕುದಿಸಿದರೆ ಅದು ಮೀಸಲು ಹೇಗಾಗುತ್ತದೆ ಎಂದು ಆಯಿ, ನೀರು ಕುದಿಸದಿದ್ದರೆ ಈ ಮನೆಯಲ್ಲಿ ಕುಡಿಯುವುದಿಲ್ಲ ಎಂದು ಅಣ್ಣ. ಕೊನೆಗೆ ಅಪ್ಪ ಇಬ್ಬರನ್ನೂ ಸುಮ್ಮನಾಗಿಸಿದ.

“ಅಂವಗಷ್ಟ ಕುದಸ್ರಿ. ನೀಲಾ ಮಾಡ್ತಾಳ. ಮೀಸಲ ನೀರಿನ ಸುದ್ದಿಗೆ ಯಾರೂ ಹೋಗಬ್ಯಾಡ್ರಿ.”

ಹೀಗೆ ಆ ಕೆಲಸ ನನಗೆ ಬಂತು. ಮುಂಜಾನೆ ಹೊಳೆಯ ನೀರನ್ನು ಕುದಿಸಿ, ಮುಚ್ಚಿಟ್ಟು ಆರಿಸಿ, ಸಂಜೆ ಅಣ್ಣ ಬಂದಾಗ ಕೊಡಬೇಕು. ಮಾರನೆಯ ದಿನಕ್ಕೆ ಅದನ್ನೇ ಅವನ ತಂಬಿಗೆಗೆ ತುಂಬಿ ಬಾಯಿ ಕಟ್ಟಬೇಕು. ಬೆಳಗಾವಿಯಲ್ಲಿ ಅವನು ಹೊರಗಿನ ಹನಿ ನೀರು ಮುಟ್ಟುತ್ತಿರಲಿಲ್ಲ. ಸಾಲೆಯ ಹುಡುಗರು ಅವನನ್ನು ತಂಬಿಗೆ ಸ್ವಾಮಿ ಎಂದು ಕರೆಯುತ್ತಿದ್ದರಂತೆ. ಅದನ್ನು ಅವನೇ ನನಗೆ ಹೆಮ್ಮೆಯಿಂದ ಹೇಳಿದ. ಸಾಲೆಯ ತಪಾಸಣೆಗೆ ಇನ್‌ಸ್ಪೆಕ್ಟರ್ ಸಾಹೇಬರು ಬಂದಾಗ ಆ ಪಾಠವನ್ನು ಇಂಗ್ಲಿಷಿನಲ್ಲಿ ವಿವರಿಸಲು ಮಾಸ್ತರರು ಅವನನ್ನೇ ಆರಿಸಿದ್ದರು. ನನ್ನನ್ನು ಮಣೆಯ ಮೇಲೆ ಸಾಹೇಬನಂತೆ ಕೂರಿಸಿ ದಿನಾಲು ಹೇಳಿ ತೋರಿಸುತ್ತಿದ್ದ. ಅದು ಸರಿಯಾದರೆ ಮುಂದೆ ಕಾಲೇಜಿಗೆ ಕಳಿಸುವಂತೆ ಅಪ್ಪನ ಹತ್ತಿರ ತಾವೇ ಮಾತಾಡುವುದಾಗಿ ಮಾಸ್ತರರು ಹೇಳಿದ್ದರು. ಸಾಹೇಬಳಾದ ನಾನು ಗಂಭೀರವಾಗಿ ತಲೆ ಆಡಿಸುತ್ತಿದ್ದೆ.

ಮುಂಜಾನೆ ಅವ್ವನ ಒಲೆ ಖಾಲಿ ಇರುತ್ತಿರಲಿಲ್ಲ. ಮಧ್ಯಾಹ್ನ ಮಾಡಿದರಾಯಿತು ಎಂದು ನಾನು ಬಿಡತೊಡಗಿದೆ. ಒಂದು ಮಧ್ಯಾಹ್ನ ಕುಂಬಾರರ ಓಣಿಗೆ ಹೋಗಿ ತಿಗರಿ ತಿರುಗುವುದನ್ನು ನೋಡುತ್ತ ಕೂತುಬಿಟ್ಟೆ. ಮನೆಗೆ ಓಡಿ ಬಂದು ಒಲೆ ಹೊತ್ತಿಸಿ, ನೀರು ಕುದಿ ಬರುವ ಹೊತ್ತಿಗೆ ಸಂಜೆಯ ಗಾಡಿ ಕೂಗಿತು. ಇಂಥ ಸುಡು ನೀರನ್ನು ಹೇಗೆ ಕೊಡಲಿ? ಮುಂಜಾನೆ ಕುದಿಸಿಲ್ಲ ಎಂದು ಅವನಿಗೆ ಗೊತ್ತಾಗುತ್ತದೆ. ನೆಲದ ಮೇಲಿನ ಕೊಡದ ನೀರು ಬೆರೆಸಲು ಕೈ ಹೋಯಿತು, ಹೆಪ್ಪಿನ ಮಾತು ನೆನಪಾಗಿ ನಿಂತೆ. ಆಗ ಕಟ್ಟೆಯ ಮೇಲಿನ ಕೊಡ ಕಂಡಿತು. ಅಣ್ಣ ಕೆಟ್ಟ ನೀರು ಅಂದದ್ದು, ಇದು ಕೆಟ್ಟ ನೀರಲ್ಲ. ಆಯಿ ಮಿಂದು ತಂದದ್ದು, ಸೋಸಿದ್ದು, ಲಿಂಗಕ್ಕೆ ಎರೆಯುವುದು. ಇದರಲ್ಲಿ ಎಂಥ ಜರ್ಮ್ ಇದ್ದೀತು? ಹೀಗೆ ನನಗೆ ನಾನೇ ಹೇಳಿಕೊಂಡೆ. ಮೀಯದ ಮೈಯಲ್ಲಿ, ಕುಂಬಾರರ ಮಣ್ಣು ಮೆತ್ತಿದ ಕಾಲಲ್ಲಿ, ತಟ್ಟೆ ಸರಿಸಿ, ಮೀಸಲು ನೀರನ್ನು ತುಂಬಿಕೊಂಡು ಕುದಿಸಿದ ನೀರಿಗೆ ಸುರಿದೆ. ಅಣ್ಣ ಬಂದ, ಗಟಗಟ ಕುಡಿದ.

“ಇವತ್ತ ನೀರ ಭಾಳ ರುಚಿ ಐತಿ ನೀಲಾ. ಏನ್ ಮಾಡೀದಿ?”

“ಏನಿಲ್ಲ. ಚಲೋ ಆರಿಸೀನಿ.”

“ಶಾಣ್ಯಾಕಿ ಇದ್ದಿ ಬಿಡು.”

ಕುದಿಸಿದ ನೀರು ಸಪ್ಪಗೆ ಇರುತ್ತದೆ, ಅವನು ಅದನ್ನು ಮುಖ ಹಿಂಡಿಯೇ ಕುಡಿಯುತ್ತಿದ್ದ. ಆ ಹೊಗಳಿಕೆಯಿಂದ ನನಗೆ ಧೈರ್ಯ ಬಂತು. ಮಾರನೆಯ ದಿನವೂ ಹಾಗೇ ಮಾಡಿದೆ, ಆಮೇಲೆ ಅದೇ ಪದ್ಧತಿಯಾಯಿತು. ತಂಬಿಗೆಗೂ ಅದನ್ನೇ ತುಂಬಿದೆ.

ಆ ದಿನಗಳಲ್ಲಿಯೇ ಹೊಳೆಗೆ ಹೊಸ ನೀರು ಬಂತು. ಮೇಲಿನ ಊರುಗಳ ಹೊಲಸನ್ನೆಲ್ಲ ತೊಳೆದುಕೊಂಡು ಕೆಂಪಗೆ ಬಂತು. ನಾವು ನೀರು ತರುವ ಕಡೆಯಿಂದ ತುಸು ಮೇಲೆ ಸತ್ತ ಎಮ್ಮೆಯೊಂದು ಕಲ್ಲಿಗೆ ಸಿಕ್ಕು ಉಬ್ಬಿಕೊಂಡಿತ್ತು. ಕಾಗೆಗಳು ಅದರ ಮೇಲೆ ಕೂತು ನಮ್ಮನ್ನು ನೋಡುತ್ತಿದ್ದವು. ಆಯಿ ಅರಿವೆಯನ್ನು ಇನ್ನೊಂದು ಮಡಿಕೆ ಹೆಚ್ಚು ಮಡಿಚಿದಳು. ಕೆಂಪು ಮಣ್ಣು ಅರಿವೆಯ ಮೇಲೆ ನಿಂತಿತು, ಕೊಡದೊಳಗೆ ನೀರು ತಿಳಿಯಾಗಿ ಕಂಡಿತು. ನಾನು ಬಗ್ಗಿ ನೋಡಿದೆ. ನನ್ನ ಮುಖ ಅದರಲ್ಲಿ ಸ್ವಚ್ಛ ಕಾಣುತ್ತಿತ್ತು. ಅಂದೂ ಬೆರೆಸಿದೆ.

ಒಂದು ಸಂಜೆ ಅಣ್ಣ ಗೋಡೆ ಹಿಡಿದುಕೊಂಡು ಮನೆಯೊಳಗೆ ಬಂದ. ತಲೆ ನೋಯುತ್ತದೆ ಎಂದು ಪುಸ್ತಕ ತೆಗೆಯದೆ ಮಲಗಿದ. ಜ್ವರ ಇಳಿಯಲಿಲ್ಲ, ದಿನದಿನಕ್ಕೆ ಮೆಟ್ಟಿಲು ಹತ್ತಿದ ಹಾಗೆ ಏರಿತು. ಮುದ್ದತಿನ ಜ್ವರ ಎಂದು ಮಂದಿ ದನಿ ತಗ್ಗಿಸಿ ಹೇಳಿದರು. ಅದರ ಮುದ್ದತಿನ ದಿನಗಳು ಮುಗಿಯುವವರೆಗೆ ಅದು ಬಿಡುವುದಿಲ್ಲ, ಬಿಡುವಾಗ ಬರಿಗೈಲಿ ಹೋಗುವುದಿಲ್ಲ ಎಂದರು. ನಡುಮನೆಯಲ್ಲಿಯೇ ಹಾಸಿಗೆ ಹಾಕಿದ್ದರು, ಕೊಡಗಳ ಎದುರಿಗೆ. ಅಪ್ಪ ಬೆಳಗಾವಿಯಿಂದ ಡಾಕ್ಟರನ್ನು ಕರೆತಂದ. ಅವರು ಅಣ್ಣನ ನಾಲಿಗೆ ನೋಡಿದರು, ಹೊಟ್ಟೆ ಒತ್ತಿದರು, ಆಮೇಲೆ ಕೇಳಿದರು:

“ನೀರ ಎಲ್ಲೀದು ಕುಡೀತಾನ?”

“ಕುದಿಸಿದ್ದ ಕುಡೀತಾನ್ರೀ ಸಾಹೇಬ್ರ. ಅಂವಂದ ಬ್ಯಾರೆ,” ಎಂದಳು ಅವ್ವ.

“ಖರೇನು? ಯಾರ ಕುದಸೂವರು?”

ಎಲ್ಲರೂ ನನ್ನ ಕಡೆ ತಿರುಗಿದರು. ಅಣ್ಣನೂ ದಿಂಬಿನ ಮೇಲೆಯೇ ಮುಖ ಹೊರಳಿಸಿದ. ಆಯಿ ಅವನ ಕಾಲ ಬಳಿ ಕೂತಿದ್ದಳು. ಅವಳ ಹಿಂದೆ, ಕಟ್ಟೆಯ ಮೇಲೆ, ಆ ಕೊಡ. ಖರೆ ಹೇಳಿದರೆ ದೇವರ ನೀರು ಕೆಡಿಸಿದವಳೂ ನಾನೇ, ಅಣ್ಣನ ನೀರು ಕೆಡಿಸಿದವಳೂ ನಾನೇ.

“ನಾನ್ರಿ. ದಿನಾ ಕುದಸ್ತೀನ್ರಿ,” ಅಂದೆ.

“ಹಂಗಾದ್ರ ಬೆಳಗಾವ್ಯಾಗ ಎಲ್ಲೋ ಕುಡದಿರಬೇಕು.”

ಅಣ್ಣ ಇಲ್ಲ ಎಂದು ತಲೆ ಅಲ್ಲಾಡಿಸಿದ. ಬಾಯಿ ಒಣಗಿ ಮಾತು ಬರಲಿಲ್ಲ. ಡಾಕ್ಟರು ಹೋದ ಮೇಲೂ ಇಲ್ಲ, ಇಲ್ಲ ಎಂದು ಅಲ್ಲಾಡಿಸುತ್ತಲೇ ಇದ್ದ. ಆಯಿ ಅವನ ಪಾದ ತಿಕ್ಕುತ್ತ, ಅಳುತ್ತಲೇ, ಅವಳಿಗೆ ಖರೆ ಅನಿಸಿದ್ದನ್ನು ಅಂದಳು.

“ಹೊಳಿ ನೀರ ಕುಡದ ನಾವೆಲ್ಲಾ ಗಟ್ಟಿ ಕುಂತೀವಿ. ಕುದಿಸಿ ಕುಡದಂವ ಮಲಗ್ಯಾನ. ಎಂಥಾ ಪುಸ್ತಕ ಓದಿದ್ಯೋ ನನ್ನಪ್ಪಾ!”

ಜ್ವರ ಕೊನೆಗೆ ಬಿಟ್ಟಿತು. ಅವನು ಬದುಕಿದ ಎಂದು ಅವ್ವ ದೇವರಿಗೆ ಕಾಯಿ ಒಡೆದಳು. ಮರುದಿನ ಮುಂಜಾನೆ ಅಣ್ಣನನ್ನು ಗೋಡೆಗೆ ಒರಗಿಸಿ ಕೂರಿಸಿ ನಾನು ಗಂಜಿ ಕುಡಿಸುತ್ತಿದ್ದೆ. ಬೆಳಗಾವಿಗೆ ಹೋಗುವ ಗಾಡಿ ಸ್ಟೇಷನ್ನಿನಲ್ಲಿ ಉದ್ದಕ್ಕೆ ಕೂಗಿ ಹೊರಟಿತು. ಅದರ ಸದ್ದಿಗೆ ಕೊಡದ ಮೇಲಿನ ತಟ್ಟೆಯೂ ಸಣ್ಣಗೆ ನಡುಗಿತು. ಅಣ್ಣ ಬಾಗಿಲ ಬೆಳಕನ್ನು ನೋಡಿ ಕೇಳಿದ:

“ಹೊತ್ತಾತಲ್ಲ. ಇವತ್ತ ಗಾಡಿ ಬರಲಿಲ್ಲೇನು?”

ಅಪ್ಪ ಹತ್ತಿರ ಬಂದು ಅವನ ಹೆಸರು ಕರೆದ. ಮತ್ತೆ ಜೋರಾಗಿ ಕರೆದ. ಅಣ್ಣ ಗಂಜಿಯ ಬಟ್ಟಲನ್ನೇ ನೋಡುತ್ತಿದ್ದ.

ಆಮೇಲೆ ಅವನು ಸಾಲೆಗೆ ಹೋಗಲಿಲ್ಲ. ಸಾಹೇಬರು ಬಂದು ಹೋದರು, ಬೇರೆ ಹುಡುಗ ಪಾಠ ಹೇಳಿದ. ಅಣ್ಣನ ಬಾಯಿ ಹೋಗಿರಲಿಲ್ಲ, ಆದರೆ ತನ್ನ ಮಾತು ತನಗೇ ಕೇಳದೆ ಅವನು ಕೂಗಿ ಮಾತಾಡುವಂತಾದ. ನಿಧಾನವಾಗಿ ಹೇಳಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದ. ಕಿವಿ ಹೋದದ್ದನ್ನು ಅವನು ಹೇಗೋ ತಡೆದುಕೊಂಡಾನು ಎಂದು ನನಗೆ ಅನಿಸುತ್ತಿತ್ತು. ಅವನಿಗೆ ತಡೆಯಲಾಗದ್ದು ಇನ್ನೊಂದು. ಹೇಳಿದಂತೆ ನಡೆದವನಿಗೆ ಪುಸ್ತಕ ಮೋಸ ಮಾಡಿತು ಎಂಬುದು. ಒಂದು ದಿನ ಬಚ್ಚಲ ಒಲೆಗೆ ನಾನು ಉರಿ ಹಾಕುತ್ತಿದ್ದೆ. ಅವನು ಪುಸ್ತಕ ತಂದು ನನ್ನ ಪಕ್ಕದಲ್ಲಿ ಕುಕ್ಕರಿಸಿದ.

“ಓದಾಕಂತೂ ಬರಲಿಲ್ಲ. ನೀರ ಕಾಸಾಕರ ಬರಲಿ,” ಎಂದು ಜೋರಾಗಿ ಅಂದು, ಹಾಳೆ ಹಾಳೆ ಹರಿದು ಒಲೆಗೆ ಇಟ್ಟ. ಉಗಿಯ ಗಾಡಿ ಹೋಯಿತು, ಎಲುಬಿನ ಕೈ ಹೋಯಿತು, ನೀರಿನ ಹನಿ ಹೋಯಿತು. ನಾನು ಊದುಗೊಳವಿ ಹಿಡಿದು ಕೂತೇ ಇದ್ದೆ. ಹೊಗೆಗೆ ಕಣ್ಣೀರು ಬಂತು ಎಂದು ಅವನು ತಿಳಿದ, ಸೆರಗಿನ ತುದಿಯಿಂದ ನನ್ನ ಕಣ್ಣು ಒರೆಸಿದ.

ಅಪ್ಪ ಅವನನ್ನು ಬೆಳಗಾವಿಯ ಖಾಸಬಾಗದ ನೇಕಾರರೊಬ್ಬರ ಕೈಕೆಳಗೆ ಇಟ್ಟ. ಮಗ್ಗದ ಕೆಲಸಕ್ಕೆ ಕಿವಿ ಬೇಕಾಗಿರಲಿಲ್ಲ. ಅವನು ಬೇಗ ಕಲಿತ. ಮಗ್ಗ ಬಡಿಯುವ ಸದ್ದಿನಲ್ಲಿ ಆ ಓಣಿಯಲ್ಲಿ ಎಲ್ಲರೂ ಕೂಗಿಯೇ ಮಾತಾಡುತ್ತಾರೆ.

“ಅಲ್ಲೆ ಎಲ್ಲಾರೂ ಕಿವುಡರ ನೀಲಾ! ನಾ ಒಬ್ಬನ ಅಲ್ಲ,” ಎಂದು ಹಬ್ಬಕ್ಕೆ ಬಂದಾಗ ನಗುತ್ತಿದ್ದ.

ಮನೆಯಲ್ಲಿ ಆಮೇಲೆ ಯಾರೂ ನೀರು ಕುದಿಸಲಿಲ್ಲ. ಅವನು ಊರಿಗೆ ಬಂದಾಗಲೆಲ್ಲ ನಾನು ಒಂದು ಹೇಡಿತನ ಮಾಡುತ್ತಿದ್ದೆ. ಅವನು ಉಣ್ಣಲು ಕೂತಾಗ ಬೆನ್ನ ಹಿಂದೆ ನಿಂತು, ಅಣ್ಣಾ ನಾನ ಬೆರಸಿದ್ದೆ, ಎಂದು ಬಾಯಿ ಬಿಟ್ಟು ಹೇಳುತ್ತಿದ್ದೆ. ಹೇಳಿದಂತೆಯೂ ಆಯಿತು, ಕೇಳಿಸಲಿಲ್ಲವೆಂದೂ ಆಯಿತು. ಒಮ್ಮೆ ಮಲ್ಲು ಬಾಗಿಲಲ್ಲಿ ನಿಂತು ನೋಡಿಬಿಟ್ಟ.

“ಅಕ್ಕಾ, ಯಾರ ಜೋಡಿ ಮಾತಾಡಾಕತ್ತಿ?”

“ಯಾರ ಜೋಡೀನೂ ಇಲ್ಲ. ಆಡಾಕ ಹೋಗು.”

ಕಾಕತಿ ಊರಿಗೆ ನನ್ನನ್ನು ಮದುವೆ ಮಾಡಿ ಕೊಡುವುದೆಂದು ಗೊತ್ತಾದ ವರ್ಷ ಹೊಸ ನೀರಿನ ಜೊತೆ ಊರಿಗೆ ಜ್ವರ ಮತ್ತೆ ಬಂತು. ಹಿಂದಿನ ಓಣಿಯಲ್ಲಿ ಮಲ್ಲುವಿನ ಸರೀಕನೊಬ್ಬ ತೀರಿಕೊಂಡ. ಆ ಮನೆಯ ಅಳು ನಮ್ಮ ಹಿತ್ತಲಿಗೆ ಕೇಳುತ್ತಿತ್ತು, ಅಣ್ಣನೊಬ್ಬನನ್ನು ಬಿಟ್ಟು ಎಲ್ಲರಿಗೂ. ಮುಂಜಾನೆ ಡಂಗುರದವನು ಹಲಗೆ ಬಾರಿಸುತ್ತ ಬಂದ. ನೀರು ಕುದಿಸಿ ಕುಡಿಯಿರಿ ಎಂದು ಸಾರಿ ಹೋದ. ಅಣ್ಣ ಅಂದು ಮನೆಯಲ್ಲಿಯೇ ಇದ್ದ. ಏನೆಂದು ಕೇಳಿದ, ಅವ್ವ ನಿಧಾನವಾಗಿ ತುಟಿ ಆಡಿಸಿ ಹೇಳಿದಳು.

“ನಾವೂ ಕುದಸೂಣೇನೋ ಬಸು? ಹುಡುಗ ಇನ್ನಾ ಸಣ್ಣಾಂವ ಅದಾನ.”

ಅಣ್ಣ ಜೋರಾಗಿ ನಕ್ಕ.

“ಕುದಿಸಿ ಕುಡದಂವ ನಾನ! ನನ್ನ ನೋಡ್ರಿ. ಊರ ಮಂದಿಗೆಲ್ಲಾ ತೋರಸ್ರಿ. ಏ ಮಲ್ಲ್ಯಾ, ಬಾ ಇಲ್ಲೆ. ಅಂಜಬ್ಯಾಡ, ಕುಡಿ.”

ಕೊಡದಿಂದ ತಂಬಿಗೆ ತುಂಬಿ ಅವನೇ ತನ್ನ ಕೈಯಿಂದ ಮಲ್ಲುವಿನ ಬಾಯಿಗೆ ಹಿಡಿದ. ಮಲ್ಲು ಆಡಿ ಬಂದವನು, ಬಾಯಾರಿದ್ದ, ಎರಡೂ ಕೈಯಿಂದ ತಂಬಿಗೆ ಹಿಡಿದುಕೊಂಡ. ನಾನು ಅಡಿಗೆಮನೆಯಿಂದ ಓಡಿ ಬಂದು ತಂಬಿಗೆಯನ್ನು ಹೊಡೆದು ಕೆಡವಿದೆ. ಅದು ನೆಲಕ್ಕೆ ಬಿದ್ದು ಗೋಡೆಯವರೆಗೆ ಉರುಳಿತು. ನೀರು ಅಣ್ಣನ ಅಂಗಿಯ ಮೇಲೆಲ್ಲ ಚೆಲ್ಲಿತು. ಮಲ್ಲು ಅಳತೊಡಗಿದ. ಅಪ್ಪ ಪಡಸಾಲೆಯಿಂದ ಎದ್ದು ಬಂದ, ಆಯಿ ಪೂಜೆಯಿಂದ ಎದ್ದು ಬಂದಳು.

“ಹುಚ್ಚ ಹಿಡದೈತೇನು ನಿನಗ?” ಎಂದು ಅಣ್ಣ ಕೂಗಿದ. “ಯಾಕ ಕೆಡವಿದಿ? ಯಾಕ?”

ನಾನು ಅವನ ಬೆನ್ನ ಹಿಂದೆ ಹೋಗಲಿಲ್ಲ. ಅವನನ್ನು ಅಡಿಗೆಮನೆಗೆ ಎಳೆದು, ಅವನ ಎದುರಿಗೆ, ಹಿತ್ತಲ ಬಾಗಿಲಿನ ಬೆಳಕು ನನ್ನ ಮುಖದ ಮೇಲೆ ಬೀಳುವ ಹಾಗೆ ನಿಂತೆ. ಒಮ್ಮೆ ಹೇಳಿದೆ. ತುಟಿ ನಡುಗಿ ಅವನಿಗೆ ತಿಳಿಯಲಿಲ್ಲ. ಹಿಂದೆ ಆಯಿ ಅಯ್ಯೋ ಶಿವನೇ ಎಂದದ್ದು ನನಗೆ ಕೇಳಿತು, ನಾನು ಹೇಳಿದ್ದು ಅವಳಿಗೆ ತಿಳಿಯಿತು. ಅಣ್ಣ ನನ್ನ ಗದ್ದ ಹಿಡಿದು ಮುಖ ಎತ್ತಿದ. ಅವನ ಕೈ ತಣ್ಣಗಿತ್ತು.

“ಇನ್ನೊಮ್ಮಿ ಹೇಳು. ಸಾವಕಾಶ ಹೇಳು.”

ನಾನು ಒಂದೊಂದೇ ಮಾತನ್ನು ಬಿಡಿಸಿ, ಎಲ್ಲರಿಗೂ ಕೇಳುವಂತೆ ಹೇಳಿದೆ.

“ಅಣ್ಣಾ, ನೀ ಕುಡದದ್ದು ಕುದಿಸಿದ ನೀರಲ್ಲ. ಅದರಾಗ ನಾ ಆಯೀ ಮೀಸಲ ನೀರ ಬೆರಸಿದ್ದೆ. ದಿನಾ ಬೆರಸಿದ್ದೆ. ಡಾಕ್ಟರು ಕೇಳಿದಾಗ ಸುಳ್ಳ ಹೇಳಿದೆ. ನೀ ಪುಸ್ತಕ ಸುಡೂವಾಗ ಬಾಜುಕ ಕುಂತು ನೋಡಿದೆ. ಪುಸ್ತಕ ಖರೇನ ಹೇಳಿತ್ತು, ನೀನೂ ಬರೋಬರಿನ ತಿಳಕೊಂಡಿದ್ದಿ. ನಿನ್ನ ಕಿವಿ ಕಳದಾಕಿ ನಾನು. ತಪ್ಪಾತು ಅಣ್ಣಾ. ನಂದ ತಪ್ಪಾತು.”